ಒಂದು ಮಳೆ ತಡೆಯದ ಪಿನ್ನು

ಮೊನ್ನೆ ಕೊರಿಯರಿನವನು ಒಂದು ಲಕೋಟೆ ಕೊಟ್ಟು ಹೋದ. ಒಳಗೆ ದಪ್ಪ ಅಕ್ಷರದಲ್ಲಿ ನಂಬರು ಅಚ್ಚು ಹಾಕಿದ ಒಂದು ಕಾಗದ, ಅದರ ಜೊತೆ ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ಸೇಫ್ಟಿ ಪಿನ್ನು. ನಂಬರು ನೋಡಿದಾಗ ನನಗೇನೂ ಅನ್ನಿಸಲಿಲ್ಲ. ಪಿನ್ನು ನೋಡಿದ್ದೇ ಮೈಯೆಲ್ಲ ಉರಿದುಹೋಯಿತು. ಪಿನ್ನು ನೋಡಿ ಸಿಟ್ಟಿಗೇಳುವ ಹೆಂಗಸು ಈ ಚೆನ್ನೈ ಶಹರದಲ್ಲಿ ನಾನೊಬ್ಬಳೇ ಇರಬೇಕು. ಇರಲಿ. ಯಾಕೆ ಅಂತ ಕೇಳಿದ ಮೇಲೆ ನೀವೂ ನನ್ನ ಕಡೆಯೇ ಸೇರುತ್ತೀರಿ, ನೋಡುತ್ತಿರಿ.

ಸಿಟ್ಟು ನಮ್ಮ ಮನೆತನದ ಆಸ್ತಿ. ನಮ್ಮಜ್ಜ ಹಾವೇರಿ ಕಡೆಯಿಂದ ಬ್ಯಾಡಗಿ ಮೆಣಸಿನಕಾಯಿ ತಂದು ಇಲ್ಲಿ ಮಾರಲು ಬಂದವನು. ಈಗ ಕೋಯಂಬೇಡಿನಲ್ಲಿ ಅಣ್ಣನೂ ನಾನೂ ಅದೇ ಅಂಗಡಿ ನಡೆಸುತ್ತೇವೆ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಅಂತ ಗಿರಾಕಿಗಳಿಗೆ ದಿನಾ ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ಆದರೆ ಅದನ್ನು ಮಾರುವವರಲ್ಲಿ ಎರಡೂ ಹೆಚ್ಚು. ನಾನು ಚಿಕ್ಕವಳಿದ್ದಾಗ ನಾವು ಕೋಡಂಬಾಕ್ಕಂನಲ್ಲಿ ಒಂದು ಬಾಡಿಗೆ ಮನೆಯಲ್ಲಿದ್ದೆವು. ಅಂಗಡಿಯಲ್ಲಿ ಹಿಡಿಸದ ಚೀಲಗಳು ಮನೆಯ ನಡುಕೋಣೆಗೆ ಬರುತ್ತಿದ್ದವು. ಅವುಗಳ ಮೇಲೆಯೇ ಓದಿದ್ದು, ಅವುಗಳ ಮೇಲೆಯೇ ಮಲಗಿದ್ದು. ಶಾಲೆಯಲ್ಲಿ ನಾನು ತರಗತಿಯೊಳಗೆ ಕಾಲಿಟ್ಟರೆ ಮೊದಲ ಬೆಂಚಿನಿಂದ ಕೊನೆಯ ಬೆಂಚಿನವರೆಗೆ ಸೀನು ಹರಿದು ಹೋಗುತ್ತಿತ್ತು. ಟೀಚರು ಹಾಜರಿ ಕೂಗುವಾಗ ನನ್ನ ಹೆಸರು ಬಂದರೆ ತಲೆ ಎತ್ತುತ್ತಲೇ ಇರಲಿಲ್ಲ.

ಆ ಮನೆಯಲ್ಲಿ ನಮಗೆ ಕಳ್ಳರ ಭಯವಿರಲಿಲ್ಲ, ದೆವ್ವದ ಭಯವಿರಲಿಲ್ಲ. ಇದ್ದದ್ದು ತೇವದ ಭಯ ಒಂದೇ. ತೇವ ತಾಗಿದ ಕಾಯಿಗೆ ಬೂಷ್ಟು ಹಿಡಿಯುತ್ತದೆ, ಒಂದು ಚೀಲದ ಬೂಷ್ಟು ಹತ್ತು ಚೀಲಕ್ಕೆ ಹರಡುತ್ತದೆ. ದೀಪಾವಳಿಯ ಹೊತ್ತಿಗೆ ತಮಿಳರ ಐಪ್ಪಸಿ ತಿಂಗಳು ಬಂದು ಈ ಊರಿನ ಆಕಾಶ ಕಪ್ಪಾಯಿತೆಂದರೆ ಅಪ್ಪ ಊಟದ ತಟ್ಟೆ ಬಿಟ್ಟು ಏಳುತ್ತಿದ್ದ. ಅವನ ಕೈಗೆ ಸಿಕ್ಕಿದ್ದೆಲ್ಲ ಪ್ಲಾಸ್ಟಿಕ್ಕಿನೊಳಗೆ ಹೋಗುತ್ತಿತ್ತು. ರೇಷನ್ ಕಾರ್ಡು, ಅವ್ವನ ರೇಷ್ಮೆ ಸೀರೆ, ನನ್ನ ಮಾರ್ಕ್ಸ್ ಕಾರ್ಡು, ಗೋಡೆಯ ಮೇಲಿನ ದೇವರ ಪಟ. ಅಪ್ಪ ಹೋಗಿ ವರ್ಷಗಳಾದರೂ ಆ ಚಟ ನಮ್ಮನ್ನು ಬಿಟ್ಟಿಲ್ಲ. ಟಿ.ವಿ. ರಿಮೋಟು ಇವತ್ತಿಗೂ ಕವರಿನೊಳಗೇ ಇದೆ. ಗುಂಡಿ ಕಾಣಿಸದೆ ನಾವು ಒಂದೇ ಚಾನೆಲ್ ನೋಡುತ್ತೇವೆ. ಈ ಚಟವೇ ನನ್ನ ಓಟವನ್ನು ಹಾಳುಮಾಡಿದ್ದು. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ನಾನು ಓಡಲು ಹೊರಟದ್ದೇಕೆ ಎಂಬುದು ಗೊತ್ತಾಗಬೇಕಲ್ಲ. ಕೆಲವು ವರ್ಷದ ಹಿಂದೆ ಊರಿನ ಕಡೆ ಒಂದು ಮದುವೆ. ಎಲ್ಲರೂ ಸೆಂಟ್ರಲ್ ಸ್ಟೇಶನ್ನಿನಲ್ಲಿ ಹುಬ್ಬಳ್ಳಿ ಗಾಡಿ ಹತ್ತಿ ಕೂತಾಯಿತು. ಆಗ ನೋಡಿದರೆ ಕಟಕ ರೊಟ್ಟಿ, ಶೇಂಗಾ ಚಟ್ನಿ ತುಂಬಿದ ದೊಡ್ಡ ಡಬ್ಬಿ ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆಯೇ ಉಳಿದಿದೆ. ತರಲು ಇಳಿದವಳು ನಾನು. ಹಿಂದಿರುಗುವಷ್ಟರಲ್ಲಿ ಗಾಡಿ ಹೊರಟಿತು. ಸೀರೆಯ ನೆರಿಗೆ ಒಂದು ಕೈಯಲ್ಲಿ, ಡಬ್ಬಿ ಇನ್ನೊಂದು ಕೈಯಲ್ಲಿ ಹಿಡಿದು ನಾನು ಓಡಿದೆ. ಬಾಗಿಲಲ್ಲಿ ಅಣ್ಣ ನಿಂತಿದ್ದ. ಕೈ ಚಾಚಿದ. ನನ್ನ ಪ್ರಾಣ ಹೋಗಿ ಬಂದಂತಾಯಿತು. ಅವನು ಡಬ್ಬಿಯನ್ನು ತೆಗೆದುಕೊಂಡು ಒಳಗಿಟ್ಟ. ಮತ್ತೆ ತಿರುಗಿ ಕೈ ಚಾಚುವಷ್ಟರಲ್ಲಿ ಗಾಡಿ ವೇಗ ಹಿಡಿದಿತ್ತು, ನಾನು ತೂಕದ ಯಂತ್ರವೊಂದಕ್ಕೆ ಒರಗಿಕೊಂಡು ಏದುಸಿರು ಬಿಡುತ್ತಿದ್ದೆ. ಆ ಮದುವೆ ನನಗೆ ತಪ್ಪಿತು.

ಅಂದಿನಿಂದ ಈ ಕಥೆಯನ್ನು ಅಣ್ಣ ಹೇಳದ ಮದುವೆಯಿಲ್ಲ, ಮುಂಜಿಯಿಲ್ಲ ಅಂತ ಬೇರೆಯವರಾದರೆ ಹೇಳುತ್ತಿದ್ದರು. ನಮ್ಮಲ್ಲಿ ಮುಂಜಿಯಿಲ್ಲ, ಆದ್ದರಿಂದ ಲಿಂಗಧಾರಣೆ, ಗೃಹಪ್ರವೇಶ, ಕುಪ್ಪಸದ ಕಾರ್ಯ ಎಲ್ಲದರಲ್ಲೂ ಹೇಳಿದ. ನಾನು ಓಡಿದ ರೀತಿಯನ್ನು ಎದ್ದು ನಿಂತು, ಪಂಚೆ ಎತ್ತಿಕೊಂಡು, ಬಾತುಕೋಳಿಯ ಹಾಗೆ ಮಾಡಿ ತೋರಿಸುತ್ತಾನೆ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಡಬ್ಬಿ ಇಸಿದುಕೊಂಡ ಭಾಗವನ್ನು ಮಾತ್ರ ಬಿಟ್ಟು ಹೇಳುತ್ತಾನೆ. ದಾರಿಯುದ್ದಕ್ಕೂ ಆ ರೊಟ್ಟಿಯನ್ನೇ ಎಲ್ಲರೂ ಹಂಚಿಕೊಂಡು ತಿಂದರು ಎಂಬ ಸಂಗತಿಯಂತೂ ಕಥೆಯಲ್ಲಿ ಬರುವುದೇ ಇಲ್ಲ. ನಾನೂ ನಕ್ಕ ಹಾಗೆ ಮಾಡಿ ಮಾಡಿ ಸಾಕಾಗಿ ಹೋದದ್ದು ಹೋದ ವರ್ಷ. ಒಂದು ಗೃಹಪ್ರವೇಶದಲ್ಲಿ ಅವನು ಬಾತುಕೋಳಿಯಾಗಿ ನಿಂತಿದ್ದಾಗಲೇ ನಾನು ಎಲ್ಲರೆದುರು ಹೇಳಿಬಿಟ್ಟೆ. ಈ ಮಳೆಗಾಲದಲ್ಲಿ ಹತ್ತು ಕಿಲೋಮೀಟರಿನ ರಸ್ತೆ ಓಟವಿದೆ, ಓಡಿ ಮುಗಿಸುತ್ತೇನೆ, ಆಮೇಲೆ ನೀನು ಆ ಕಥೆ ಹೇಳಬೇಕು, ಈ ಕಥೆಯಲ್ಲ ಅಂತ. ಅಂಥ ಓಟವೊಂದು ಇದೆ ಎನ್ನುವುದು ಅದರ ಹಿಂದಿನ ದಿನವಷ್ಟೇ ನನ್ನ ಮಗಳ ಬಾಯಿಂದ ಕಿವಿಗೆ ಬಿದ್ದಿತ್ತು. ನಾಲಿಗೆ ಮುಂದೆ, ಬುದ್ಧಿ ಹಿಂದೆ. ಮಗಳು ಫೋನಿನಲ್ಲಿ ನನ್ನ ಹೆಸರು ನೋಂದಾಯಿಸಿದಳು. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು.

ಬೆಳಿಗ್ಗೆ ನಮ್ಮ ವೆಸ್ಟ್ ಮಾಂಬಲಂನ ಸಂದಿಗಳಲ್ಲಿ ಓಡಲು ಶುರುಮಾಡಿದೆ. ನಮ್ಮ ಬೀದಿ ರೈಲ್ವೆ ಸ್ಟೇಶನ್ನಿನ ಕಡೆಗೆ ಹೋಗುತ್ತದೆ. ಐವತ್ತರ ಹತ್ತಿರದ ಹೆಂಗಸು ಆ ದಿಕ್ಕಿಗೆ ಓಡಿದರೆ ಜನ ಏನೆಂದುಕೊಳ್ಳುತ್ತಾರೆ ಹೇಳಿ. ಹಾಲಿನವನು, ಹೂವಿನವಳು, ಇಸ್ತ್ರಿಯವನು, ಎಲ್ಲರೂ ಕನಿಕರದಿಂದ ಟ್ರೈನ್ ಹೊರಟುಹೋಯಿತೇ ಅಮ್ಮಾ ಅಂತ ಕೇಳುವವರೇ. ಒಬ್ಬ ಆಟೋದವನು ನಿಲ್ಲಿಸಿ ಬಾಡಿಗೆಯಿಲ್ಲದೆ ಬಿಡುತ್ತೇನೆ ಅಂದ. ಟ್ರೈನಿನ ಮಾತು ಕೇಳಿದಷ್ಟೂ ನನ್ನ ಕಾಲಿನ ಬಿರುಸು ಹೆಚ್ಚುತ್ತಿತ್ತು. ನನಗೆ ಬೇರೆ ಕೋಚ್ ಬೇಕಾಗಲಿಲ್ಲ.

ತೊಡಕು ಬಂದದ್ದು ಬೇರೆ ಕಡೆಯಿಂದ. ನಾವು ಲಿಂಗವಂತರು. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಮಲಗಿದರೂ ಎದ್ದರೂ ಅದು ಮೈಮೇಲಿರಬೇಕು. ಓಡಿದರೆ ಆ ಬೆಳ್ಳಿಯ ಮೊಟ್ಟೆ ಎದೆಯ ಮೂಳೆಗೆ ಟಕಟಕ ಬಡಿಯುತ್ತದೆ. ವಾರದೊಳಗೆ ಎದೆ ನೀಲಿಗಟ್ಟಿತು. ಅಣ್ಣ ಇದನ್ನು ಕೇಳಿ ಕುರ್ಚಿಯಲ್ಲಿ ಹಿಂದಕ್ಕೊರಗಿ ತೀರ್ಪು ಕೊಟ್ಟ. ಲಿಂಗ ತೆಗೆದಿಟ್ಟು ಓಡು, ಇಲ್ಲವಾದರೆ ಲಿಂಗ ಕಟ್ಟಿಕೊಂಡು ಮನೆಯಲ್ಲಿ ಕೂಡು, ಎರಡೂ ಬೇಕೆಂದರೆ ಹೇಗೆ ಅಂತ. ನಾನೇನು ದೊಡ್ಡ ಭಕ್ತೆಯಲ್ಲ. ನನ್ನ ಪೂಜೆ ಕುಕ್ಕರಿನ ಎರಡು ಸೀಟಿಯ ನಡುವೆ ಮುಗಿಯುತ್ತದೆ. ಆದರೂ ಎಂಟನೆಯ ವಯಸ್ಸಿನಿಂದ ಎದೆಯ ಮೇಲಿರುವುದನ್ನು ಒಂದು ಓಟಕ್ಕಾಗಿ ಬಿಚ್ಚಿಡಲು ನನಗೆ ಮನಸ್ಸಾಗಲಿಲ್ಲ. ಬಿಚ್ಚದೆ ಓಡಲು ಮೈ ಒಪ್ಪಲಿಲ್ಲ. ಈ ಎರಡರ ನಡುವೆ ಸಿಕ್ಕಿಸಿದವನ ಮೇಲೆ ಮಾತ್ರ ಮನಸಾರೆ ಸಿಟ್ಟು ಬಂತು.

ಬಿಡಿಸಿದವಳು ಅವ್ವ. ಎಂಬತ್ತು ದಾಟಿದ ಅವಳು ನನ್ನ ಜೊತೆಗೇ ಇರುತ್ತಾಳೆ. ಅಣ್ಣ ಅದೇ ಕಟ್ಟಡದ ಮೇಲಿನ ಫ್ಲ್ಯಾಟಿನಲ್ಲಿದ್ದಾನೆ. ಅವ್ವನಿಗೆ ಮಾತು ಕಮ್ಮಿ, ಮಡಿ ಜಾಸ್ತಿ. ಲಿಂಗಪೂಜೆಯ ಬಿಳಿ ವಸ್ತ್ರದ ಮೇಲೆ ಸಾಸಿವೆಯಷ್ಟು ಅರಿಶಿಣ ಬಿದ್ದರೂ ಆ ಬಟ್ಟೆ ನೆಲ ಒರೆಸಲು ಹೋಗುತ್ತದೆ. ಅವಳು ಅಪ್ಪನ ಹಳೆಯ ಧೋತರವೊಂದನ್ನು ಉದ್ದಕ್ಕೆ ಹರಿದು, ನನ್ನ ಲಿಂಗವನ್ನು ಕರಡಿಗೆಯಿಂದ ತೆಗೆದು ಅದರ ನಡುವೆ ಸುತ್ತಿ, ಪಟ್ಟಿಯ ಹಾಗೆ ಎದೆಗೆ ಬಿಗಿದು ಕಟ್ಟಿದಳು.

"ಬಿಚ್ಚೂದು ಬ್ಯಾಡ, ಕುಂದ್ರೂದೂ ಬ್ಯಾಡ," ಅಂದಳು. "ಆ ಹೊಸಾ ಪಿನ್ನು ಬಂದಾವಲ್ಲ, ತಗೊಂಡ ಬಾ."

ಅವಳ ಬಂಗಾರದ ಬಳೆಗೆ ಸದಾ ಒಂದು ಗೊಂಚಲು ಪಿನ್ನು ಜೋತುಬಿದ್ದಿರುತ್ತವೆ. ಚಿಕ್ಕಂದಿನಲ್ಲಿ ನನ್ನ ಲಂಗದ ಕೊಕ್ಕೆ ಕಿತ್ತರೆ, ಚಪ್ಪಲಿಯ ಉಂಗುಷ್ಟ ಹರಿದರೆ, ಕಾಲಿಗೆ ಮುಳ್ಳು ಹೊಕ್ಕರೆ, ಎಲ್ಲಕ್ಕೂ ಆ ಬಳೆಯಿಂದಲೇ ಪರಿಹಾರ. ಆದರೆ ಅವು ಹಳೆಯವು, ಇವು ಹೊಸವು, ಫಳಫಳ ಹೊಳೆಯುತ್ತಿವೆ, ದೇವರ ಕೆಲಸಕ್ಕೆ ಹೊಸದೇ ಇರಲಿ ಎಂಬುದು ಅವಳ ಲೆಕ್ಕ. ನಂಬರನ್ನು ಎದೆಗೆ ಚುಚ್ಚಿಕೊಳ್ಳಲು ಓಟದವರು ಆ ವರ್ಷದ ಲಕೋಟೆಯಲ್ಲಿ ಕಳಿಸಿದ್ದ ನಾಲ್ಕೂ ಪಿನ್ನು ಹೀಗೆ ಲಿಂಗದ ವಸ್ತ್ರಕ್ಕೆ ಹೋದವು.

ಹಾಗಾದರೆ ನಂಬರು? ಡಿಸೆಂಬರ್ ನಡುವಿನ ಮಾರ್ಗಳಿ ಹತ್ತಿರವಾಗಿತ್ತು, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ, ಮೂರು ದಿನದಿಂದ ಒಂದೇ ಸಮನೆ ಮಳೆ. ಓಟ ನಡೆದೇ ನಡೆಯುತ್ತದೆ ಅಂತ ಮೆಸೇಜು. ನಂಬರು ಕಾಗದದ್ದು. ಇಂಥ ಮಳೆಯಲ್ಲಿ ಕಾಗದವನ್ನು ಎದೆಯ ಮೇಲೆ ಹಾಕಿಕೊಂಡು ಹೋಗುವುದೆಂದರೆ ಮೆಣಸಿನಕಾಯಿಯ ಚೀಲವನ್ನು ಬಾಯಿ ಬಿಚ್ಚಿ ಬೀದಿಯಲ್ಲಿಟ್ಟ ಹಾಗೆ. ನನ್ನೊಳಗಿನ ಅಪ್ಪ ಎದ್ದು ಕೂತ. ನಂಬರನ್ನು ನಾಲ್ಕು ಮಡಿಕೆ ಮಾಡಿ, ಚೀಲಗಳ ಒಳಪದರಿನ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ, ಗೋಣಿ ದಾರ ಬಿಗಿದು, ಪ್ಯಾಂಟಿನೊಳಗೆ ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡೆ. ಒಂದು ಹನಿ ತಾಗದು ಅಂತ ಹೆಮ್ಮೆಪಟ್ಟೆ. ಆ ಕಾಗದದ ಬೆನ್ನಿಗೆ ಒಂದು ತೆಳ್ಳನೆಯ ಎಲೆಕ್ಟ್ರಾನಿಕ್ ಚಿಪ್ ಇದೆ, ಅದನ್ನು ಮಡಚಬಾರದು, ಅದು ಮೈಯ ಮುಂದೆ ತೆರೆದಿದ್ದರೆ ಮಾತ್ರ ಓಡಿದವರ ಲೆಕ್ಕ ಹಿಡಿಯುವ ಯಂತ್ರಕ್ಕೆ ಕಾಣುತ್ತದೆ ಎನ್ನುವುದು ನನಗೆ ಯಾರಪ್ಪನ ಮನೆಯಲ್ಲಿ ಗೊತ್ತಿತ್ತು?

ಮಗಳು ಬೆಳಗಿನ ಕತ್ತಲಲ್ಲೇ ಸ್ಕೂಟರಿನಲ್ಲಿ ಕಡಲ ದಂಡೆಯ ರಸ್ತೆಗೆ ನನ್ನನ್ನು ತಂದು ಬಿಟ್ಟಳು. ಸಬ್‌ವೇಯಲ್ಲಿ ನೀರು ಏರುತ್ತಿದೆ ಅಂತ ತಕ್ಷಣ ಹಿಂತಿರುಗಿದಳು. ನನ್ನ ಗಂಡ ಸುಗ್ಗಿಯ ಖರೀದಿಗೆ ಬ್ಯಾಡಗಿಗೆ ಹೋಗಿದ್ದರು. ಹೀಗಾಗಿ ಅಲ್ಲಿ ನನ್ನವರು ಅಂತ ಯಾರೂ ಇರಲಿಲ್ಲ. ಓಟ ಹೊರಡುವ ಬಾಗಿಲಲ್ಲಿ ಸೀಟಿ ಊದುತ್ತಿದ್ದ ಹುಡುಗಿಯೊಬ್ಬಳಿಗೆ ಸೊಂಟದಿಂದ ಪೊಟ್ಟಣ ತೆಗೆದು ತೋರಿಸಿದೆ. ಅದೇನೆಂದು ಅವಳಿಗೂ ತಿಳಿಯಲಿಲ್ಲ. ಮಳೆಯಲ್ಲಿ ಕಣ್ಣು ಬಿಡಲಾಗದೆ, ಹೋಗಿ ಹೋಗಿ ಎಂದು ಕೈಬೀಸಿದಳು.

ಈ ಊರಿನ ಕಡಲ ಮಳೆ ಮೇಲಿನಿಂದ ಬೀಳುವುದಿಲ್ಲ, ಪಕ್ಕದಿಂದ ಹೊಡೆಯುತ್ತದೆ. ಬಲಗಿವಿಯ ತುಂಬ ನೀರು, ಬಾಯಿಗೆ ಉಪ್ಪು. ಶೂಗಳು ಒಂದೊಂದೂ ನೆನೆದ ಗೋಣಿಯಂತೆ ಭಾರ. ದಾರಿ ತೋರಿಸಲು ಇಟ್ಟಿದ್ದ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕೋನುಗಳು ಗಾಳಿಗೆ ನಮ್ಮ ಮುಂದೆಯೇ ಓಡುತ್ತಿದ್ದವು, ನಮಗಿಂತ ಜೋರಾಗಿ. ನೀರು ಕೊಡುತ್ತೇವೆಂದು ಹೇಳಿದ್ದ ಜಾಗಗಳಲ್ಲಿ ಮಗುಚಿ ಬಿದ್ದ ಮೇಜಿತ್ತು, ಮನುಷ್ಯರಿರಲಿಲ್ಲ. ಆಕಾಶ ಅಷ್ಟು ನೀರು ಸುರಿಯುತ್ತಿರುವಾಗ ಕುಡಿಯಲು ಒಂದು ಗುಟುಕಿಲ್ಲ. ನಾನು ಮೊದಲು ಓಟ ನಡೆಸುವವರ ಮೇಲೆ ಸಿಟ್ಟಾದೆ. ಆಮೇಲೆ ಹವಾಮಾನದವರ ಮೇಲೆ. ಆಮೇಲೆ ಪಕ್ಕದಲ್ಲಿ ಸೆಲ್ಫಿ ತೆಗೆದುಕೊಳ್ಳುತ್ತ ನನ್ನನ್ನು ದಾಟಿಹೋದ ಮುದುಕನ ಮೇಲೆ. ಯಾರೂ ಸಿಗದಿದ್ದಾಗ ಅಣ್ಣನಂತೂ ಇದ್ದೇ ಇದ್ದ. ಅವನ ಬಾತುಕೋಳಿ ನಡಿಗೆಯನ್ನು ನೆನೆದು ಎರಡು ದೀಪದ ಕಂಬ ದಾಟುವುದು, ಆ ಡಬ್ಬಿಯನ್ನು ನೆನೆದು ಇನ್ನೆರಡು. ಎದೆಯ ಮೇಲೆ ಅವ್ವ ಬಿಗಿದ ಪಟ್ಟಿ ಒಂದಿಷ್ಟೂ ಅಲುಗಲಿಲ್ಲ. ನೆನೆದಷ್ಟೂ ಬಿಗಿಯಾಯಿತು.

ಮುಕ್ಕಾಲು ದಾರಿ ಮುಗಿದಿರಬೇಕು. ಹಿಂದಿನಿಂದ ಒಂದು ವ್ಯಾನು ಹಾರ್ನ್ ಮಾಡುತ್ತ ಬಂದು ನನ್ನ ಪಕ್ಕದಲ್ಲೇ ನಿಧಾನವಾಗಿ ಚಲಿಸತೊಡಗಿತು. ಹಿಂದುಳಿದವರನ್ನು ಹತ್ತಿಸಿಕೊಳ್ಳುವ ವ್ಯಾನಂತೆ. ಒಳಗೆ ಹತ್ತಾರು ಜನ ಟವೆಲು ಹೊದ್ದು ಬಿಸ್ಕತ್ತು ತಿನ್ನುತ್ತಿದ್ದರು. ಬಾಗಿಲಲ್ಲಿ ನಿಂತಿದ್ದವನು ಬಾಗಿ ನನ್ನ ಕಡೆಗೆ ಕೈ ಚಾಚಿದ.

"ಏರಿಕ್ಕೋಂಗಮ್ಮಾ, ಎಲ್ಲಾರುಂ ಪೋಯಿಟ್ಟಾಂಗ," ಅಂದ. ಹತ್ತಿಕೊಳ್ಳಿ, ಎಲ್ಲರೂ ಹೋಗಿಯಾಯಿತು, ಅಂತ.

ಆ ಕೈಯನ್ನು ನೋಡಿದೆ ನೋಡಿ, ನನಗೆ ಅಳುವೂ ಬಂತು, ಸಿಟ್ಟೂ ಬಂತು. ಅಂದು ಸೆಂಟ್ರಲ್ಲಿನಲ್ಲಿ ನನಗೆ ಬೇಕಾಗಿದ್ದ ಕೈ ಇದೇ. ಓಡುವ ಗಾಡಿಯ ಬಾಗಿಲಿನಿಂದ ನನಗಾಗಿ ಚಾಚಿದ ಕೈ. ಅದು ಈಗ ಬಂದಿದೆ, ಹಿಡಿಯಲೇಬಾರದ ಹೊತ್ತಿನಲ್ಲಿ. ಆ ಬಡಪಾಯಿಗೆ ನಾನು ತಮಿಳಿನಲ್ಲಿ ಶುರುಮಾಡಿ ಹಾವೇರಿಯ ಕನ್ನಡದಲ್ಲಿ ಮುಗಿಸಿ ಬೈದೆ. ಅವನು ಬಾಗಿಲು ಹಾಕಿಕೊಂಡ. ವ್ಯಾನು ನನ್ನ ಮೇಲೆ ಕೆಸರು ಹಾರಿಸಿ ಮುಂದೆ ಹೋಯಿತು.

ನಾನು ಮುಗಿಸಿದೆ. ಕೊನೆಯಲ್ಲಿ ಗಾಳಿ ತುಂಬಿದ ಕಮಾನು ಒಂದು ಪಕ್ಕಕ್ಕೆ ಕುಸಿದು ಬಿದ್ದಿತ್ತು, ಆದರೆ ನೆಲದ ಮೇಲಿನ ಯಂತ್ರದ ಹಾಸು ಇನ್ನೂ ಇತ್ತು, ಅದನ್ನು ತುಳಿದೇ ದಾಟಿದೆ. ಪದಕಗಳನ್ನು ಮಳೆಗೆ ಹೆದರಿ ಗಾಡಿಗೆ ತುಂಬಿಬಿಟ್ಟಿದ್ದರು. ಮುಗಿಸಿದವರ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮನೆಗೇ ಬರುತ್ತದೆ ಅಂದರು. ಯಾರೋ ಒಂದು ಬಾಳೆಹಣ್ಣು ಕೊಟ್ಟರು. ಕುಂಟುತ್ತ, ನಡುಗುತ್ತ, ಬಸ್ಸಿನಲ್ಲಿ ಸೀಟು ಸಿಗದೆ ನಿಂತುಕೊಂಡೇ ಮನೆಗೆ ಬಂದೆ. ನಿಜ ಹೇಳುತ್ತೇನೆ, ಆವತ್ತು ಆ ಬಸ್ಸಿನಲ್ಲಿ ನನಗಿಂತ ಸುಖಿ ಯಾರೂ ಇರಲಿಲ್ಲ.

ಸಂಜೆ ಮಗಳು ಫೋನಿನಲ್ಲಿ ಫಲಿತಾಂಶ ನೋಡಿದಳು. ಮತ್ತೆ ನೋಡಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲೇ ಬರುತ್ತದೆ.

"ಅಮ್ಮಾ, ನೀ ಓಡವೇ ಇಲ್ಲಯಾಮ್."

ನಾನು ಓಡಲೇ ಇಲ್ಲವಂತೆ. ಕೊನೆಯವಳಾಗಿ ಬಂದೆ ಅಂತಲೂ ಅಲ್ಲ, ಅರ್ಧಕ್ಕೆ ಬಿಟ್ಟೆ ಅಂತಲೂ ಅಲ್ಲ. ಹೊರಡಲೇ ಇಲ್ಲವಂತೆ. ಫೋಟೋಗಳನ್ನಾದರೂ ಹುಡುಕೋಣ ಅಂದರೆ ಅಲ್ಲೂ ಎದೆಯ ನಂಬರು ನೋಡಿಯೇ ಹುಡುಕಬೇಕು. ನನ್ನದು ಸೊಂಟದಲ್ಲಿ ಬೆಚ್ಚಗೆ, ಒಂದು ಹನಿಯೂ ತಾಗದೆ ಮಲಗಿತ್ತು. ಓಟದವರಿಗೆ ಬರೆದೆವು. ನಮ್ಮ ಯಂತ್ರದಲ್ಲಿ ನೀವು ಕಾಣಿಸಲಿಲ್ಲ, ಮುಂದಿನ ಸಲ ಖಂಡಿತ ಬನ್ನಿ ಅಂತ ನಗುವ ಮುಖದ ಗುರುತಿನೊಂದಿಗೆ ಉತ್ತರ ಬಂತು. ಆ ನಗುವ ಮುಖ ಇನ್ನೂ ನನ್ನ ಕಣ್ಣಲ್ಲಿದೆ. ಗಾಯದ ಮೇಲೆ ಬರೆ ಅಂದರೆ ಅದೇ. ಪದಕ ಬರಲಿಲ್ಲ ಎಂದು ಬೇರೆ ಹೇಳಬೇಕೇ.

ಅಣ್ಣನಿಗೆ ಹಬ್ಬ. ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ಅವನ ಮಗಳ ನಿಶ್ಚಯ ನಮ್ಮ ಕಟ್ಟಡದ ಮಾಳಿಗೆಯ ಮೇಲೆ ಶಾಮಿಯಾನ ಹಾಕಿಸಿ ನಡೆಯಿತು. ಊರಿನಿಂದ ಬೀಗರು, ಇಲ್ಲಿನ ಬಳಗ, ಎಲ್ಲರೂ ಇದ್ದರು. ಊಟವಾಗಿ ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಅವನು ಎದ್ದು ಪಂಚೆ ಎತ್ತಿದ. ಮೊದಲು ಸೆಂಟ್ರಲ್ ಸ್ಟೇಶನ್ನು. ಆಮೇಲೆ ಹೊಸ ಭಾಗ.

"ಟ್ರೈನಿನ ಹಿಂದರ ಓಡಿದ್ಲು. ಈ ಸಲ ಓಡಾಕ ಹೋಗಿ ನಿಂತಲ್ಲೇ ನಿಂತ ಬಂದಾಳ. ಫೋನಿನ್ಯಾಗ ಐತಿ, ಬೇಕಂದ್ರ ನೋಡ್ರಿ."

ಎಲ್ಲರೂ ನಕ್ಕರು. ಬೀಗರೂ ನಕ್ಕರು. ಈ ಸಲ ನನಗೆ ನಕ್ಕಂತೆ ಮಾಡಲಾಗಲಿಲ್ಲ. ಏನು ಹೇಳಿದರೂ ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಗುತ್ತದೆ. ಕೈಯಲ್ಲಿದ್ದ ಪಾಯಸದ ಲೋಟವನ್ನು ಅವನ ಮೇಲೆ ಎರಚಿಬಿಡಲೇ ಅನ್ನಿಸಿತು, ಸತ್ಯವಾಗಿಯೂ.

ಆಗ ಅವ್ವ ಕುರ್ಚಿಯಿಂದ ಏಳದೆಯೇ ಸೆರಗಿನೊಳಗೆ ಕೈಹಾಕಿ ತನ್ನ ಕೊರಳಿನ ಲಿಂಗವನ್ನು ಹೊರತೆಗೆದಳು. ಕರಡಿಗೆ ಇರಲಿಲ್ಲ. ಬಿಳಿ ವಸ್ತ್ರದಲ್ಲಿ ಸುತ್ತಿತ್ತು. ಆ ವಸ್ತ್ರದಲ್ಲಿ ನಾಲ್ಕು ಕಡೆ ಕಂದು ಕಲೆ. ಓಟದ ಮರುದಿನ ನನ್ನ ಪಟ್ಟಿಯನ್ನು ಅವಳು ನಿಂಬೆಹಣ್ಣು, ಉಪ್ಪು ಹಾಕಿ ತಿಕ್ಕುತ್ತಿದ್ದುದನ್ನು ನಾನು ನೋಡಿದ್ದೆ. ಆ ಹೊಳೆಯುವ ಹೊಸ ಪಿನ್ನುಗಳು ಒಂದೇ ಮಳೆಗೆ ತುಕ್ಕು ಹಿಡಿದು ಬಟ್ಟೆಗೆ ಅಂಟಿಕೊಂಡಿದ್ದವು. ಕಲೆ ಹೋಗಿರಲಿಲ್ಲ. ಎಂದಿನಂತೆ ನೆಲ ಒರೆಸಲು ಹಾಕಿರುತ್ತಾಳೆ ಅಂದುಕೊಂಡಿದ್ದೆ. ಸಾಸಿವೆಯಷ್ಟು ಅರಿಶಿಣ ಸಹಿಸದವಳು ಅದನ್ನು ತನ್ನ ಲಿಂಗಕ್ಕೆ ಕಟ್ಟಿಕೊಂಡಿದ್ದಳು.

"ಮನ್ಯಾಗ ಕುಂತಾಕಿ ಪಿನ್ನು ತುಕ್ಕ ಹಿಡೀತಾವೇನೋ?" ಅಂದಳು. "ಅವತ್ತ ಡಬ್ಬಿ ಇಸ್ಕೊಂಡಿ, ತಂಗೀ ಕೈ ಬಿಟ್ಟಿ. ಆ ರೊಟ್ಟಿ ನಾನೂ ತಿಂದೇನಿ. ಇವತ್ತಿಗೂ ಗಂಟಲದಾಗ ಐತಿ. ಇನ್ನ ಆ ಕಥಿ ಸಾಕು."

ಅಣ್ಣ ಪಂಚೆ ಇಳಿಬಿಟ್ಟ. ಡಬ್ಬಿಯ ಸಂಗತಿ ಬಳಗದಲ್ಲಿ ಅರ್ಧ ಜನಕ್ಕೆ ಗೊತ್ತೇ ಇರಲಿಲ್ಲ. ಯಾರೂ ನಗಲಿಲ್ಲ. ನಾನು ಆ ಪಾಯಸವನ್ನು ಕುಡಿದೆ.

ಸಿಟ್ಟು ಇಳಿಯಿತೇ ಅಂತ ಕೇಳಬೇಡಿ. ಅವ್ವನ ಮೇಲೆಯೂ ಒಂದಿಷ್ಟು ಬಂತು. ಇಷ್ಟು ವರ್ಷ ಅದನ್ನು ಗಂಟಲಲ್ಲಿಟ್ಟುಕೊಂಡು ಕೂತಿದ್ದಳಲ್ಲ, ಒಂದು ಮದುವೆ ಮೊದಲೇ ಹೇಳಿದ್ದರೆ ಏನಾಗುತ್ತಿತ್ತು? ಅದಕ್ಕೇ ಈ ವರ್ಷದ ಓಟಕ್ಕೂ ಮತ್ತೆ ಹೆಸರು ಕೊಟ್ಟಿದ್ದೇನೆ. ಮೊನ್ನೆ ಆ ನಾಲ್ಕು ಹೊಸ ಪಿನ್ನುಗಳನ್ನು ನಾನು ಕಸದ ಬುಟ್ಟಿಗೆ ಎಸೆಯಲು ಹೊರಟಾಗ ಅವ್ವ ತಡೆದಳು. ಅವರ ಪಿನ್ನು ಅವರ ಕಾಗದಕ್ಕೇ ಇರಲಿ ಅಂದಳು. ಬಳೆಯನ್ನು ಕಣ್ಣಿನ ಹತ್ತಿರ ಹಿಡಿದು, ಗೊಂಚಲಿನಿಂದ ತನ್ನ ಹಳೆಯ ಪಿನ್ನುಗಳನ್ನು ಒಂದೊಂದಾಗಿ ಬಿಡಿಸಿ, ಲಿಂಗದ ಪಟ್ಟಿಗೆ ಇವು ಅಂತ ನನ್ನ ಅಂಗೈಗೆ ಹಾಕಿದಳು. ನಾನು ಹುಟ್ಟುವ ಮೊದಲಿನವು ಇರಬೇಕು. ಒಂದಕ್ಕೂ ತುಕ್ಕಿಲ್ಲ.

ಟಿ.ವಿ.ಯ ಆ ಒಂದೇ ಚಾನೆಲ್ಲಿನಲ್ಲಿ ಮತ್ತೆ ವಾಯುಭಾರ ಕುಸಿತ ಅನ್ನುತ್ತಿದ್ದಾರೆ. ನಿನ್ನೆ ರಾತ್ರಿ ಅಣ್ಣ ಮೆಟ್ಟಿಲಿಳಿದು ಬಂದು, ಬಾಗಿಲಲ್ಲೇ ನಿಂತು, ಓಟದ ದಿನ ಬೆಳಿಗ್ಗೆ ಕಾರಿನಲ್ಲಿ ಬಿಡಲೇ ಅಂತ ಕೇಳಿದ. ಬೇಡ ಅಂದೆ. ಅವನ ಮುಖ ಸಣ್ಣದಾಯಿತು. ತಿರುಗಿ ಎರಡು ಮೆಟ್ಟಿಲು ಹತ್ತಿದವನನ್ನು ಕರೆದೆ.

"ಓಟ ಮುಗಿಯೂ ಕಡೆ ನಿಂದ್ರು," ಅಂದೆ. "ಕೈ ಚಾಚಿ ನಿಂದ್ರು. ಈ ಸಲ ನನ್ನ ಕೈಯಾಗ ಡಬ್ಬಿ ಇರಂಗಿಲ್ಲ."